ಎಂಜಿಸ್ ಗವಿಯ ಮಗು ಮತ್ತು ಲಿಯೇಜಿನ ವೈದ್ಯ: ಶ್ಮೆರ್ಲಿಂಗ್ ಹೇಳಿದ್ದನ್ನು ಅವನ ಕಾಲ ಏಕೆ ಕೇಳಲಿಲ್ಲ?

ಗವಿಯ_ಹಾದಿ (ಚರ್ಚೆ ಆರಂಭಿಸಿದವರು)

ನಿಯಾಂಡರ್ತಾಲ್ ಮಾನವನ (ಹಿಮಯುಗದಲ್ಲಿ ಬದುಕಿ ಅಳಿದುಹೋದ, ನಮಗೆ ಹತ್ತಿರದ ಸಂಬಂಧಿಯಾದ ಮಾನವ) ಬಗ್ಗೆ ಕನ್ನಡದಲ್ಲಿ ಬರುವ ಬರಹಗಳು ಸಾಮಾನ್ಯವಾಗಿ 1856ರಿಂದ ಆರಂಭವಾಗುತ್ತವೆ. ಜರ್ಮನಿಯ ನಿಯಾಂಡರ್ ಕಣಿವೆ, ಅಲ್ಲಿನ ಕಲ್ಲುಗಣಿ, ಕೂಲಿಕಾರರ ಕೈಗೆ ಸಿಕ್ಕ ತಲೆಬುರುಡೆಯ ಚಿಪ್ಪು, ಇಷ್ಟು ಹೇಳಿ ಮುಂದೆ ಹೋಗುತ್ತೇವೆ. ಅದಕ್ಕಿಂತ ಇಪ್ಪತ್ತೈದು ವರ್ಷಕ್ಕೂ ಹಿಂದೆ ಈಗಿನ ಬೆಲ್ಜಿಯಂನ ಲಿಯೇಜ್ ನಗರದ ಒಬ್ಬ ವೈದ್ಯ ನಿಯಾಂಡರ್ತಾಲ್ ಮಗುವಿನ ತಲೆಬುರುಡೆಯನ್ನು ಗವಿಯಿಂದ ಹೊರತೆಗೆದಿದ್ದ. ಭೂಮಿಯಿಂದ ಅಳಿದುಹೋದ ಪ್ರಾಣಿಗಳ ಕಾಲದಲ್ಲಿ ಮನುಷ್ಯನೂ ಇದ್ದನೆಂದು ಪುಸ್ತಕ ಅಚ್ಚು ಹಾಕಿಸಿ ಸಾರಿದ್ದ. ಆತನ ಹೆಸರು ಫಿಲಿಪ್-ಶಾರ್ಲ್ ಶ್ಮೆರ್ಲಿಂಗ್. ನಮ್ಮ ಓದುಗರಲ್ಲಿ ಎಷ್ಟು ಮಂದಿ ಈ ಹೆಸರು ಕೇಳಿದ್ದೀರಿ?

ಹಾಲೆಂಡಿನ ಡೆಲ್ಫ್ಟ್‌ನಲ್ಲಿ ಹುಟ್ಟಿದವನು, ಸೇನೆಯಲ್ಲಿ ವೈದ್ಯನಾಗಿದ್ದವನು, ನಂತರ ಲಿಯೇಜಿಗೆ ಬಂದು ನೆಲೆಸಿದವನು. 1829ರಲ್ಲಿ ಮ್ಯೂಜ್ ನದಿಯ ದಂಡೆಯ ಶೋಕಿಯೆ ಎಂಬಲ್ಲಿ ಕಲ್ಲುಗಣಿಯ ಕೆಲಸಗಾರನೊಬ್ಬನ ಮನೆಗೆ ಚಿಕಿತ್ಸೆಗೆಂದು ಹೋದಾಗ ಮಕ್ಕಳು ವಿಚಿತ್ರ ಮೂಳೆಗಳನ್ನು ಹಿಡಿದು ಆಡುತ್ತಿದ್ದುದನ್ನು ಕಂಡನಂತೆ. ಗಣಿಯಲ್ಲಿ ಬಾಯಿ ತೆರೆದಿದ್ದ ಗವಿಯಿಂದ ಬಂದ ಮೂಳೆಗಳವು. ಅಲ್ಲಿಂದ ಮುಂದೆ ಕೆಲವೇ ವರ್ಷಗಳಲ್ಲಿ ಆತ ಲಿಯೇಜ್ ಸೀಮೆಯ ಸುಮಾರು ನಲವತ್ತು ಗವಿಗಳನ್ನು ಶೋಧಿಸಿದ. 1830ರಲ್ಲಿ ಬೆಲ್ಜಿಯಂ ಹಾಲೆಂಡಿನಿಂದ ಬಿಡಿಸಿಕೊಂಡು ಬೇರೆ ದೇಶವಾಯಿತು. ಆ ಕ್ರಾಂತಿಯ ವರ್ಷದಲ್ಲಿಯೂ ಇವನು ಗವಿಯ ಕೆಲಸ ಬಿಡಲಿಲ್ಲ.

ಎಂಜಿಸ್ ಊರಿನ ಗವಿಯಲ್ಲಿ 1829-30ರ ಹೊತ್ತಿಗೆ ಎರಡು ತಲೆಬುರುಡೆಗಳು ಸಿಕ್ಕವು. ಒಂದು ವಯಸ್ಕನದು. ಇನ್ನೊಂದು ಮಗುವಿನದು, ಮ್ಯಾಮತ್ ಆನೆಯ ಹಲ್ಲಿನ ಪಕ್ಕದಲ್ಲಿಯೇ ಹುದುಗಿತ್ತು, ಎಷ್ಟು ಮೆದುವಾಗಿತ್ತೆಂದರೆ ತೆಗೆಯುವಾಗಲೇ ಚೂರುಚೂರಾಯಿತು. ಜೊತೆಗೆ ಚಕಮಕಿ ಕಲ್ಲಿನ ಹತ್ಯಾರಗಳು ಬಹಳ ಗವಿಗಳಲ್ಲಿ ಸಿಕ್ಕವು. ಶೋಕಿಯೆಯಲ್ಲಿ ಮನುಷ್ಯ ಕೊರೆದು ನಯಗೊಳಿಸಿ ತೂತು ಮಾಡಿದ ಮೂಳೆಯ ಸೂಜಿಯಂಥ ವಸ್ತುವೂ ಸಿಕ್ಕಿತು. 1833-34ರಲ್ಲಿ ಇದನ್ನೆಲ್ಲ ಚಿತ್ರಗಳ ಸಮೇತ ಆತ ಪ್ರಕಟಿಸಿದ. ಮನುಷ್ಯರ ಮೂಳೆಗಳು ಗುಹಾಕರಡಿ, ಕತ್ತೆಕಿರುಬ, ಘೇಂಡಾಮೃಗಗಳ ಮೂಳೆಗಳ ಜೊತೆ ಒಂದೇ ಕೆಸರಿನಲ್ಲಿ, ಒಂದೇ ಬಣ್ಣದಲ್ಲಿ, ಒಂದೇ ಸ್ಥಿತಿಯಲ್ಲಿ ಇವೆ, ಆದ್ದರಿಂದ ಅವೆಲ್ಲ ಒಂದೇ ಕಾಲದವು ಎಂಬುದು ಅವನ ವಾದ.

ಯಾರೂ ಒಪ್ಪಲಿಲ್ಲ. 1836ರಲ್ಲಿ ಆತ ತೀರಿಕೊಂಡ, ವಯಸ್ಸು ಐವತ್ತನ್ನೂ ಮುಟ್ಟಿರಲಿಲ್ಲ. ಆ ಮಗುವಿನ ಬುರುಡೆ ನಿಯಾಂಡರ್ತಾಲ್‌ನದೆಂದು ಗುರುತಾದದ್ದು 1936ರಲ್ಲಿ, ಲಿಯೇಜಿನ ಶಾರ್ಲ್ ಫ್ರೆಪೊಂ ಅವರಿಂದ. ಶ್ಮೆರ್ಲಿಂಗ್ ಸತ್ತು ನೂರು ವರ್ಷದ ಮೇಲೆ!

ನನ್ನ ಪ್ರಶ್ನೆ: ಸಾಕ್ಷ್ಯ ಇಷ್ಟು ಸ್ಪಷ್ಟವಾಗಿದ್ದೂ ಇದು ಏಕೆ ಹೀಗಾಯಿತು? ಆ ಕಾಲದ ವಿದ್ವಾಂಸರ ಪೂರ್ವಗ್ರಹವೇ ಕಾರಣ ಎಂಬುದು ನನ್ನ ನಂಬಿಕೆ. ಬೇರೆ ಅಭಿಪ್ರಾಯ ಇರುವವರು ದಯವಿಟ್ಟು ಬರೆಯಿರಿ.

ಸುಣ್ಣಕಲ್ಲು

ಒಳ್ಳೆಯ ವಿಷಯ ಎತ್ತಿದ್ದೀರಿ. ಪೂರ್ವಗ್ರಹದ ಚರ್ಚೆಗೆ ಮೊದಲು, ಲಿಯೇಜಿನ ಗವಿಗಳಲ್ಲಿಯೇ ಏಕೆ ಇಷ್ಟೊಂದು ಮೂಳೆ ಉಳಿಯಿತು ಎಂಬುದನ್ನು ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಜಗಳವೆಲ್ಲ ಅದರ ಮೇಲೆಯೇ ನಿಂತಿದೆ.

ಮ್ಯೂಜ್ ನದಿ ಅಲ್ಲಿ ಸುಣ್ಣಕಲ್ಲನ್ನು ಕೊರೆದುಕೊಂಡು ಹರಿಯುತ್ತದೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತೆಳುವಾದ ಆಮ್ಲವಾಗುತ್ತದೆ, ಬಿರುಕುಗಳಲ್ಲಿ ಇಳಿದು ಕಲ್ಲನ್ನು ಕರಗಿಸುತ್ತದೆ, ಬಿರುಕು ಗವಿಯಾಗುತ್ತದೆ. ಕರಗಿದ ಸುಣ್ಣ ಮತ್ತೆ ಗವಿಯ ಚಾವಣಿಯಿಂದ ತೊಟ್ಟಿಕ್ಕಿ ನೆಲದ ಮೇಲೆ ಹಾಳೆಯಂತೆ ಹೆಪ್ಪುಗಟ್ಟುತ್ತದೆ. ಆ ಹಾಳೆಯ ಕೆಳಗೆ ಸಿಕ್ಕಿಕೊಂಡ ಮೂಳೆಗೆ ಗಾಳಿ ತಾಗುವುದಿಲ್ಲ, ಸುತ್ತಲಿನ ಮಣ್ಣು ಕ್ಷಾರೀಯವಾಗಿರುವುದರಿಂದ ಮೂಳೆಯ ಸುಣ್ಣಾಂಶ ಕರಗುವುದಿಲ್ಲ. ಹತ್ತಾರು ಸಾವಿರ ವರ್ಷ ಹಾಗೆಯೇ ಇರುತ್ತದೆ.

ಆದರೆ ಇಂಥ ಗವಿ ನೀರಿಗೂ ದಾರಿ, ಪ್ರಾಣಿಗೂ ದಾರಿ. ನೀರು ಹಳೆಯ ಹೂಳನ್ನು ಕೊಚ್ಚಿ ಹೊಸದರ ಜೊತೆ ಬೆರೆಸುತ್ತದೆ. ನರಿ ಬಿಲ ತೋಡುತ್ತದೆ. ಈಚಿನ ಜನರು ಸತ್ತವರನ್ನು ಅದೇ ಗವಿಯಲ್ಲಿ ಹೂಳುತ್ತಾರೆ. ಒಂದೇ ಕೆಸರಿನಲ್ಲಿ ಎರಡು ಮೂಳೆ ಸಿಕ್ಕಿತೆಂದರೆ ಎರಡೂ ಒಂದೇ ಕಾಲದವು ಎಂದು ಹೇಳಲು ಇಷ್ಟೇ ಸಾಲದು. ಭೂವಿಜ್ಞಾನ ಓದಿದ ಯಾರಿಗೂ ಮೊದಲು ಬರುವ ಸಂದೇಹ ಇದು. ಆ ಕಾಲದಲ್ಲಿಯೂ ಬಂತು.

ಹಳೆಯ_ಪುಟ

ಸುಣ್ಣಕಲ್ಲು ಅವರ ಮಾತಿಗೆ ನನ್ನ ಪೂರ್ಣ ಬೆಂಬಲ. ಶ್ಮೆರ್ಲಿಂಗ್‌ನನ್ನು ಒಪ್ಪದವರೆಲ್ಲ ಕುರುಡರಾಗಿದ್ದರು ಎಂದು ಬರೆಯುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಆ ಕಾಲದ ಹಿನ್ನೆಲೆ ನೋಡಿ. ಫ್ರಾನ್ಸಿನ ಹೆಸರಾಂತ ಪ್ರಾಣಿವಿಜ್ಞಾನಿ ಕ್ಯೂವಿಯೆ ಮನುಷ್ಯನ ಪಳೆಯುಳಿಕೆ ಎಂದು ತಂದು ತೋರಿಸಿದ ಹಲವು ವಸ್ತುಗಳನ್ನು ಪರೀಕ್ಷಿಸಿ ತಳ್ಳಿಹಾಕಿದ್ದ, ಹಾಗೆ ತಳ್ಳಿಹಾಕಿದ್ದು ಬಹುತೇಕ ಸರಿಯಾಗಿಯೂ ಇತ್ತು. ಆಕ್ಸ್‌ಫರ್ಡಿನ ವಿಲಿಯಂ ಬಕ್ಲಂಡ್ 1823ರಲ್ಲಿ ವೇಲ್ಸ್‌ನ ಪ್ಯಾವಿಲಂಡ್ ಗವಿಯಲ್ಲಿ ಕೆಂಪು ಕಾವಿಮಣ್ಣು ಬಳಿದ ಅಸ್ಥಿಪಂಜರ ಕಂಡ. ಪಕ್ಕದಲ್ಲಿ ಮ್ಯಾಮತ್ ಮೂಳೆಗಳಿದ್ದರೂ ಅದು ರೋಮನ್ನರ ಕಾಲದ ಹೆಂಗಸೆಂದು, ಯಾರೋ ಹಳೆಯ ಹೂಳನ್ನು ಅಗೆದು ಹೂತದ್ದೆಂದು ತೀರ್ಮಾನಿಸಿದ. ಆ ದೇಹ ಗಂಡಸಿನದು, ಸುಮಾರು 33,000 ವರ್ಷ ಹಳೆಯದು ಎಂದು ಈಗ ಗೊತ್ತಾಗಿದೆ. ಆದರೂ "ನಂತರ ಹೂತದ್ದಿರಬಹುದು" ಎಂಬ ಅವನ ಪ್ರಶ್ನೆ ಕೆಟ್ಟ ಪ್ರಶ್ನೆಯಾಗಿರಲಿಲ್ಲ.

ಎಂಜಿಸ್ ಗವಿಯಲ್ಲಿಯೇ ಇದಕ್ಕೆ ಪುರಾವೆ ಇದೆ. ಶ್ಮೆರ್ಲಿಂಗ್ ಘೇಂಡಾಮೃಗದ ಹಲ್ಲಿನ ಜೊತೆ ಕಂಡ ವಯಸ್ಕನ ತಲೆಬುರುಡೆ ಇದೆಯಲ್ಲ, 1863ರಲ್ಲಿ ಬ್ರಿಟನ್ನಿನ ಭೂವಿಜ್ಞಾನಿ ಲಯೆಲ್ ಮತ್ತು ಜೀವವಿಜ್ಞಾನಿ ಹಕ್ಸ್ಲಿ ಇಬ್ಬರೂ ಅದನ್ನೇ ಮುಂದಿಟ್ಟುಕೊಂಡು ಬರೆದರು. ಹಕ್ಸ್ಲಿ ಅದನ್ನು ಅಳೆದು ನೋಡಿ, ಇದು ಸಾಧಾರಣ ಮನುಷ್ಯನ ಬುರುಡೆ, ತತ್ತ್ವಜ್ಞಾನಿಯದೂ ಆಗಿರಬಹುದು, ಚಿಂತೆಯಿಲ್ಲದ ಕಾಡುಮನುಷ್ಯನದೂ ಆಗಿರಬಹುದು ಎಂಬ ಅರ್ಥದಲ್ಲಿ ಬರೆದ. ಆ ವಯಸ್ಕ ಹಿಮಯುಗ ಮುಗಿದ ಮೇಲೆ ಬದುಕಿದ್ದವನು ಎಂದು ಇಂದಿನ ಸಂಶೋಧಕರು ಹೇಳುತ್ತಾರೆ. ಮ್ಯಾಮತ್ ಕಾಲಕ್ಕೂ ಅವನಿಗೂ ಸಂಬಂಧವಿಲ್ಲ. ಅಂದರೆ ಒಂದೇ ಗವಿಯಿಂದ ಒಬ್ಬನೇ ವೈದ್ಯ ತೆಗೆದ ಎರಡು ಬುರುಡೆಗಳಲ್ಲಿ ಒಂದರ ವಿಷಯದಲ್ಲಿ ಸಂಶಯಪಟ್ಟವರು ಗೆದ್ದರು, ಇನ್ನೊಂದರ ವಿಷಯದಲ್ಲಿ ಶ್ಮೆರ್ಲಿಂಗ್ ಗೆದ್ದ. 1833ರಲ್ಲಿ ಇವೆರಡನ್ನು ಬೇರ್ಪಡಿಸುವ ಉಪಾಯ ಯಾರ ಬಳಿಯೂ ಇರಲಿಲ್ಲ.

ಗವಿಯ_ಹಾದಿ

ಹಳೆಯ_ಪುಟ ಅವರೇ, ವಯಸ್ಕನ ಬುರುಡೆಯ ಮಾತು ನಿಜ, ಅದನ್ನು ಎತ್ತಿದ್ದಕ್ಕೆ ಧನ್ಯವಾದ. ಆದರೆ ಸಂಶಯಪಟ್ಟವರು ಗವಿಯ ಹೂಳನ್ನು ಪರೀಕ್ಷಿಸಿ ಸಂಶಯಪಟ್ಟರೇ? ನನ್ನ ಆಕ್ಷೇಪ ಇರುವುದು ಅಲ್ಲಿ.

ಚಾರ್ಲ್ಸ್ ಲಯೆಲ್ 1833ರಲ್ಲಿ ಲಿಯೇಜಿಗೆ ಬಂದು ಶ್ಮೆರ್ಲಿಂಗ್‌ನ ಸಂಗ್ರಹ ನೋಡಿದ. ಮನುಷ್ಯನ ಮೂಳೆಗಳು ಅಷ್ಟು ಪ್ರಾಚೀನ ಎಂಬುದರಲ್ಲಿ ತನಗೆ ನಂಬಿಕೆ ಬರುತ್ತಿಲ್ಲ ಎಂದ. ಅದಕ್ಕೆ ಶ್ಮೆರ್ಲಿಂಗ್ ಕೊಟ್ಟ ಉತ್ತರವನ್ನು ಲಯೆಲ್ ಮೂವತ್ತು ವರ್ಷದ ಮೇಲೆ ತಾನೇ ಬರೆದಿಟ್ಟಿದ್ದಾನೆ. ಅದರ ಸಾರ ಇಷ್ಟು: ಮನುಷ್ಯ ಈಚೆಗೆ ಬಂದ ಜೀವಿ ಎಂಬ ಒಂದೇ ಕಾರಣಕ್ಕೆ ಅವನು ಕರಡಿ, ಘೇಂಡಾಮೃಗಗಳ ಜೊತೆ ಇರಲಿಲ್ಲವೆಂದು ನೀವು ಹೇಳುವುದಾದರೆ, ಅದೇ ಕೆಸರಿನಲ್ಲಿ ಸಿಕ್ಕಿರುವ ಕೆಂಪು ಜಿಂಕೆ, ಕಾಡುಬೆಕ್ಕು, ಕಾಡುಹಂದಿ, ತೋಳ, ನರಿ, ಬೀವರ್, ಮೊಲ, ಇಲಿಗಳನ್ನೂ ಸಂಶಯಿಸಬೇಕಾಗುತ್ತದೆ. ಅವೂ ಇಂದು ಬದುಕಿರುವ ಜಾತಿಗಳೇ. ತೋಳವನ್ನು ಒಪ್ಪಿ ಮನುಷ್ಯನನ್ನು ಮಾತ್ರ ಬಿಡುವುದು ಯಾವ ನ್ಯಾಯ?

ಈ ಪ್ರಶ್ನೆಗೆ ಲಯೆಲ್ ಬಳಿ ಆಗ ಉತ್ತರ ಇರಲಿಲ್ಲ. ಗವಿಯ ಹೂಳು ಕಲಸಿಹೋಗಿದೆ ಎಂಬ ನಿಯಮವನ್ನು ಮನುಷ್ಯನಿಗೆ ಮಾತ್ರ ಅನ್ವಯಿಸಿ ಉಳಿದ ಎಲ್ಲ ಪ್ರಾಣಿಗಳಿಗೆ ವಿನಾಯಿತಿ ಕೊಟ್ಟರೆ ಅದಕ್ಕೆ ಪೂರ್ವಗ್ರಹವೆನ್ನದೆ ಏನೆನ್ನಬೇಕು? ವೈದ್ಯನಿಗೆ ಮನುಷ್ಯನ ಮೂಳೆಯೂ ತೋಳದ ಮೂಳೆಯೂ ಒಂದೇ ತಕ್ಕಡಿಯಲ್ಲಿ ತೂಗುವ ವಸ್ತುಗಳಾಗಿದ್ದವು. ಅವನ ದೊಡ್ಡತನ ಅದೇ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಲಯೆಲ್‌ನ ಪ್ರಾಮಾಣಿಕತೆಯನ್ನೂ ಹೇಳಬೇಕು. 1860ರಲ್ಲಿ ಮತ್ತೆ ಲಿಯೇಜಿಗೆ ಹೋದ. ಅಲ್ಲಿನ ಪ್ರಾಧ್ಯಾಪಕ ಮಲೇಜ್ ಜೊತೆ ಎಂಜಿಹೂಲ್ ಗವಿಗೆ ಹೋಗಿ ಅಗೆಸಿದ. ಸ್ವಲ್ಪ ದಿನಗಳಲ್ಲಿಯೇ ಮಲೇಜ್‌ಗೆ ಅಲ್ಲಿ ಮನುಷ್ಯನ ದವಡೆ, ಹಲ್ಲುಗಳು ಸಿಕ್ಕವು. 1863ರ ತನ್ನ ಪುಸ್ತಕದಲ್ಲಿ ಲಯೆಲ್ ಶ್ಮೆರ್ಲಿಂಗ್ ಪಟ್ಟ ಪಾಡನ್ನು ವರ್ಣಿಸಿದ ಭಾಗ ಓದಿದರೆ ಎದೆ ತುಂಬಿ ಬರುತ್ತದೆ. ಮರಕ್ಕೆ ಕಟ್ಟಿದ ಹಗ್ಗ ಹಿಡಿದು ದಿನವೂ ಗವಿಯ ಬಾಯಿಗೆ ಜಾರಿ ಇಳಿಯಬೇಕು. ಇಕ್ಕಟ್ಟಾದ ಸಂದಿಯಲ್ಲಿ ಕೈಕಾಲೂರಿ ತೆವಳಬೇಕು. ಅಮೃತಶಿಲೆಯಷ್ಟು ಗಟ್ಟಿಯಾದ ಸುಣ್ಣದ ಪದರವನ್ನು ಕೆಲಸಗಾರರು ಒಡೆಯುವಾಗ ಪಂಜಿನ ಬೆಳಕಿನಲ್ಲಿ ನಿಂತು ನೋಡಿಕೊಳ್ಳಬೇಕು. ಕಾಲು ಕೆಸರಿನಲ್ಲಿ, ತಲೆಯ ಮೇಲೆ ತೊಟ್ಟಿಕ್ಕುವ ನೀರು, ಆದರೂ ಒಂದೊಂದು ಮೂಳೆಯ ಜಾಗ ಗುರುತು ಹಾಕಿಕೊಳ್ಳಬೇಕು. ಇಷ್ಟೆಲ್ಲ ಮಾಡಿದ ಮೇಲೆ ಕಾದಿರುವ ಫಲವೆಂದರೆ ಯಾರಿಗೂ ಬೇಡವಾದ ಸುದ್ದಿಯನ್ನು ಪ್ರಕಟಿಸುವುದು. ಲಿಯೇಜ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೇ ಅವನ ಪರವಾಗಿ ದನಿ ಎತ್ತಲು ಕಾಲು ಶತಮಾನ ಬೇಕಾಯಿತು ಎಂದೂ ಲಯೆಲ್ ಬರೆದಿದ್ದಾನೆ.

ವೈದ್ಯೆ_ಕರಾವಳಿ

ಈ ಚರ್ಚೆಯಲ್ಲಿ ಎಲ್ಲರೂ ಮನುಷ್ಯನ ಮೂಳೆಯ ಬಗ್ಗೆಯೇ ಬರೆಯುತ್ತಿದ್ದೀರಿ. ಶ್ಮೆರ್ಲಿಂಗ್ ಅವರ ಇನ್ನೊಂದು ಕೆಲಸ ನನ್ನಂಥವರಿಗೆ ಹೆಚ್ಚು ಹತ್ತಿರದ್ದು.

1835ರಲ್ಲಿ ಅವರು ರೋಗದ ಗುರುತುಗಳಿರುವ ಪಳೆಯುಳಿಕೆ ಮೂಳೆಗಳ ಬಗ್ಗೆಯೇ ಪ್ರತ್ಯೇಕವಾಗಿ ಬರೆದರು. ಗವಿಗಳಲ್ಲಿ ಸಿಕ್ಕ ಪ್ರಾಣಿಗಳ, ಮುಖ್ಯವಾಗಿ ಗುಹಾಕರಡಿಗಳ ಮೂಳೆಗಳಲ್ಲಿ ಕಾಣುವ ಕಾಯಿಲೆಯ ಕುರುಹುಗಳನ್ನು ವೈದ್ಯನ ಕಣ್ಣಿನಿಂದ ವಿವರಿಸಿದರು. ಪ್ರಾಚೀನ ಮೂಳೆಗಳಲ್ಲಿ ರೋಗ ಹುಡುಕುವುದು ಇಂದು ಒಂದು ಸ್ವತಂತ್ರ ಶಾಸ್ತ್ರ. ಅದರ ಆರಂಭದ ಹೆಸರುಗಳಲ್ಲಿ ಅವರದೂ ಒಂದು.

ಇದರಲ್ಲಿ ಏನು ದೊಡ್ಡದು ಎಂದು ಕೇಳಬಹುದು. ಆಗ ಗವಿಗಳ ಮೂಳೆ ಎಂದರೆ ಜಲಪ್ರಳಯದ ಸಾಕ್ಷಿ. ಪ್ರಳಯದ ನೀರು ಎಲ್ಲೆಲ್ಲಿಂದಲೋ ಹೆಣಗಳನ್ನು ತಂದು ಗವಿಗೆ ತುಂಬಿತು ಎಂದು ಬಹಳ ಜನ ನಂಬಿದ್ದರು. ಗವಿಯ ಹೂಳನ್ನು ನೀರೇ ತಂದು ತುಂಬಿತು ಎಂದು ಸ್ವತಃ ಶ್ಮೆರ್ಲಿಂಗ್ ಅವರೂ ತಿಳಿದಿದ್ದರು. ಆದರೆ ಕಾಯಿಲೆಯಿಂದ ಬದಲಾದ ಒಂದು ಮೂಳೆಯನ್ನು ಕೈಯಲ್ಲಿ ಹಿಡಿದಾಗ ಪ್ರಾಣಿಯ ಸಾವಿಗಿಂತ ಅದರ ಬದುಕು ಕಾಣಿಸುತ್ತದೆ. ಮೂಳೆ ಮುರಿದ ಮೇಲೆ ಮತ್ತೆ ಕೂಡಿಕೊಳ್ಳಬೇಕಾದರೆ ವಾರಗಟ್ಟಲೆ ಬೇಕು. ಗಂಟುಗಳಲ್ಲಿ ಸವೆತ ಬರಬೇಕಾದರೆ ವರ್ಷಗಳು ಬೇಕು. ಅಷ್ಟು ಕಾಲ ಆ ಪ್ರಾಣಿ ನೋವಿನಲ್ಲಿ ಬದುಕಿತ್ತು ಎಂದು ಅಂಥ ಮೂಳೆ ಹೇಳುತ್ತದೆ. ರೋಗಿಯ ಹಾಸಿಗೆಯ ಪಕ್ಕ ಕುಳಿತು ಅಭ್ಯಾಸವಾದವರಿಗೆ ಮಾತ್ರ ಇದು ತಾನಾಗಿ ಹೊಳೆಯುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಗವಿಗಳಿಗೂ ಹಳೆಯ ಮೂಳೆಗಳಿಗೂ ಇಷ್ಟೊಂದು ವೈದ್ಯರು ಬಿದ್ದದ್ದು ಆಕಸ್ಮಿಕವಲ್ಲ. ಅಂಗರಚನೆ ಕಲಿಯದವನಿಗೆ ಮನುಷ್ಯನ ಮುಂಗೈ ಮೂಳೆಗೂ ಕರಡಿಯ ಮುಂಗೈ ಮೂಳೆಗೂ ವ್ಯತ್ಯಾಸ ಹೇಳುವುದು ಕಷ್ಟ. ಆಗ ಅಂಗರಚನೆ ಕಲಿಸುತ್ತಿದ್ದುದು ಹೆಚ್ಚಾಗಿ ವೈದ್ಯಶಾಲೆಗಳಲ್ಲಿಯೇ.

ಬ್ರನೋ_ಕನ್ನಡಿಗ

ವೈದ್ಯೆ ಅವರ ಕೊನೆಯ ಮಾತಿಗೆ ನಾನಿರುವ ಊರಿನ ಪಕ್ಕದಿಂದಲೇ ಒಂದು ಉದಾಹರಣೆ. ಜೆಕ್ ದೇಶದ ಬ್ರನೋ ನಗರದ ಉತ್ತರಕ್ಕೆ ಮೊರಾವಿಯನ್ ಕಾರ್ಸ್ಟ್ ಎಂಬ ಸುಣ್ಣಕಲ್ಲಿನ ಸೀಮೆ ಇದೆ. ಅಲ್ಲಿನ ಬ್ಲಾನ್ಸ್ಕೊದಲ್ಲಿ ಕಬ್ಬಿಣದ ಕಾರ್ಖಾನೆಯ ವೈದ್ಯನಾಗಿದ್ದವನು ಯಿಂದ್ರಿಖ್ ವಾಂಕೆಲ್ (1821–1897). ಕಾರ್ಮಿಕರಿಗೆ ಔಷಧ ಕೊಡುತ್ತ, ಬಿಡುವಾದಾಗ ಗವಿಗಳಿಗೆ ಇಳಿಯುತ್ತಿದ್ದ. ಮಾತ್ಸೊಖಾ ಎಂಬ, ನೂರಮೂವತ್ತು ಮೀಟರಿಗೂ ಆಳವಾದ ಕಂದರಕ್ಕೂ 1856ರಲ್ಲಿ ಇಳಿದ. ಗುಹಾಕರಡಿಗಳ ಮೂಳೆ ಜೋಡಿಸಿ ಪೂರ್ಣ ಅಸ್ಥಿಪಂಜರ ನಿಲ್ಲಿಸಿದ.

ಅವನ ಹೆಸರು ಇಂದಿಗೂ ಉಳಿದಿರುವುದು ಬೀಚಿ ಸ್ಕಾಲ ಗವಿಯಿಂದ. ಅಲ್ಲಿ 1869ರಲ್ಲಿ ಇಬ್ಬರು ಯುವಕರಿಗೆ ಕಂಚಿನ ಪುಟ್ಟ ಹೋರಿಯ ಮೂರ್ತಿ ಸಿಕ್ಕಿತು. 1872ರಲ್ಲಿ ವಾಂಕೆಲ್ ಅಗೆಸಿದಾಗ ಸುಮಾರು ನಲವತ್ತು ಮಂದಿಯ ಅಸ್ಥಿಗಳು, ರಥದ ಕಬ್ಬಿಣದ ಭಾಗಗಳು, ಒಡವೆಗಳು, ಕಮ್ಮಾರಿಕೆಯ ಸಾಮಾನುಗಳು ಹೊರಬಂದವು. ಕ್ರಿ.ಪೂ. ಆರನೆಯ ಶತಮಾನದ ಆಸುಪಾಸಿನ, ಮಧ್ಯ ಯುರೋಪಿನ ಕಬ್ಬಿಣಯುಗದ ಹಾಲ್‌ಸ್ಟಾಟ್ ಸಂಸ್ಕೃತಿಯವು ಅವು. ಇದು ನಾಯಕನೊಬ್ಬನ ಶವಸಂಸ್ಕಾರ, ಅವನ ಜೊತೆ ಹೆಂಗಸರನ್ನು ಬಲಿಕೊಟ್ಟಿದ್ದಾರೆ ಎಂದು ಅವನು ಬರೆದ. ನಂತರದ ಪರೀಕ್ಷೆಯಲ್ಲಿ ಗಂಡಸರ ಅಸ್ಥಿಗಳೂ ಬಹಳ ಇದ್ದುದು ಕಂಡುಬಂತು. ಅಲ್ಲಿ ಏನು ನಡೆಯಿತು ಎಂಬ ವಾದ ಇಂದಿಗೂ ಮುಗಿದಿಲ್ಲ. ಅವಸರದಲ್ಲಿ ಅಗೆದ ಕಾರಣ ಯಾವ ವಸ್ತು ಯಾವುದರ ಪಕ್ಕದಲ್ಲಿತ್ತು ಎಂಬ ವಿವರ ಬಹುಪಾಲು ಕಳೆದುಹೋಗಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರು ಆ ಗವಿಯ ಒಳಗೆ ಕಾರ್ಖಾನೆ ಕಟ್ಟಿದ್ದರಿಂದ ಮತ್ತೆ ಹೋಗಿ ನೋಡುವ ಅವಕಾಶವೂ ದೊಡ್ಡ ಪ್ರಮಾಣದಲ್ಲಿ ಹಾಳಾಯಿತು. ಹೋರಿಯ ಮೂರ್ತಿ, ಉಳಿದ ಸಂಗ್ರಹ ಎಲ್ಲ 1880ರ ದಶಕದಲ್ಲಿ ವಿಯೆನ್ನಾ ವಸ್ತುಸಂಗ್ರಹಾಲಯಕ್ಕೆ ಮಾರಾಟವಾಗಿ ಅಲ್ಲಿಯೇ ಇದೆ. ಇಲ್ಲಿನ ಜನರಿಗೆ ಅದರ ಬಗ್ಗೆ ಇನ್ನೂ ನೋವಿದೆ.

ವಾಂಕೆಲ್‌ನ ಮೊಮ್ಮಗ ಕರೆಲ್ ಆಬ್ಸೊಲೊನ್ ಮುಂದೆ ದೊಡ್ಡ ಪುರಾತತ್ತ್ವಜ್ಞನಾದ. ಹೆಣ್ಣುಮಕ್ಕಳು ಜಾನಪದ ಸಂಗ್ರಹದಲ್ಲಿ ಹೆಸರು ಮಾಡಿದರು. ಆ ಮನೆಯದೇ ಒಂದು ಬೇರೆ ಚರ್ಚೆಯಾಗಬಹುದು.

ಹಳೆಯ_ಪುಟ

ವಾಂಕೆಲ್ ಉದಾಹರಣೆ ನಾನು ಹೇಳಬೇಕೆಂದಿದ್ದುದನ್ನೇ ಹೇಳುತ್ತದೆ. ಗವಿಯ ಸಾಕ್ಷ್ಯ ಅಗೆಯುವ ಕ್ರಮದಲ್ಲಿ ಇರುತ್ತದೆ. ಒಮ್ಮೆ ಅಗೆದರೆ ಮುಗಿಯಿತು.

ಹಾಗಾದರೆ 1833ರಲ್ಲಿ ಯಾರೂ ಒಪ್ಪದ ಮಾತನ್ನು 1859ರಲ್ಲಿ ಎಲ್ಲರೂ ಒಪ್ಪಿದ್ದು ಹೇಗೆ? ನಡುವೆ ನಡೆದದ್ದು ಬ್ರಿಕ್ಸ್‌ಹ್ಯಾಮ್. ಇಂಗ್ಲೆಂಡಿನ ಡೆವನ್‌ನಲ್ಲಿ 1858ರಲ್ಲಿ ಹೊಸದಾಗಿ ತೆರೆದ, ಯಾರೂ ಕಾಲಿಡದ ಗವಿ ಅದು. ಅದನ್ನು ವ್ಯವಸ್ಥಿತವಾಗಿ ಅಗೆಯಬೇಕೆಂದು ಒತ್ತಾಯಿಸಿದವನು ಹ್ಯೂ ಫಾಲ್ಕನರ್. ಈತನೂ ವೈದ್ಯ! ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ ಭಾರತಕ್ಕೆ ಬಂದು, ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತ, ಕಾಟ್ಲಿಯ ಜೊತೆ ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆಗಳನ್ನು ಸಂಗ್ರಹಿಸಿದವನು. ಬ್ರಿಕ್ಸ್‌ಹ್ಯಾಮ್‌ನಲ್ಲಿ ವಿದ್ವಾಂಸರ ಸಮಿತಿ ರಚನೆಯಾಯಿತು, ವಿಲಿಯಂ ಪೆಂಗೆಲಿ ನಿಂತು ಅಗೆಸಿದ. ಪದರದಿಂದ ಪದರಕ್ಕೆ ಇಳಿಯುತ್ತ ಪ್ರತಿ ವಸ್ತುವಿನ ಜಾಗ ದಾಖಲಿಸಿದರು. ಒಡೆಯದ ಸುಣ್ಣದ ಹಾಳೆಯ ಕೆಳಗೆ ಅಳಿದ ಪ್ರಾಣಿಗಳ ಮೂಳೆಗಳ ಜೊತೆ ಮನುಷ್ಯ ಮಾಡಿದ ಕಲ್ಲಿನ ಆಯುಧಗಳು ಸಿಕ್ಕವು. ಮರುವರ್ಷ ಇಂಗ್ಲೆಂಡಿನ ವಿದ್ವಾಂಸರಾದ ಪ್ರೆಸ್ಟ್‌ವಿಚ್, ಇವಾನ್ಸ್ ಫ್ರಾನ್ಸಿಗೆ ಹೋಗಿ ಸೊಮ್ ನದಿಯ ಜಲ್ಲಿಯಲ್ಲಿ ಅಲ್ಲಿನ ಹವ್ಯಾಸಿ ಸಂಶೋಧಕ ಬುಷೆ ದ ಪೆರ್ತ್ ತೋರಿಸುತ್ತಿದ್ದ ಕಲ್ಲಿನ ಆಯುಧಗಳನ್ನು ಕಣ್ಣಾರೆ ಕಂಡು ಒಪ್ಪಿದರು.

ಶ್ಮೆರ್ಲಿಂಗ್ ಒಬ್ಬಂಟಿ, ಸಾಕ್ಷಿಗಳಿರಲಿಲ್ಲ. ಹೂಳನ್ನೆಲ್ಲ ನೀರು ತಂದದ್ದೆಂದು ತಿಳಿದಿದ್ದರಿಂದ ಪದರಗಳ ಲೆಕ್ಕಕ್ಕೆ ಅವನು ಬ್ರಿಕ್ಸ್‌ಹ್ಯಾಮ್‌ನಷ್ಟು ಮಹತ್ವ ಕೊಡಲಿಲ್ಲ. ಅವನ ತೀರ್ಮಾನ ಸರಿ ಇತ್ತು, ಅದನ್ನು ಬೇರೆಯವರಿಗೆ ಮನಗಾಣಿಸುವ ವಿಧಾನ ಇನ್ನೂ ಹುಟ್ಟಿರಲಿಲ್ಲ. ನಾನು ಹೇಳುವುದು ಇಷ್ಟೇ.

ಗವಿಯ_ಹಾದಿ

ಬ್ರಿಕ್ಸ್‌ಹ್ಯಾಮ್ ಸಮಿತಿಗೆ ಹಣವೂ ಇತ್ತು, ಪ್ರಭಾವವೂ ಇತ್ತು. ಲಿಯೇಜಿನ ವೈದ್ಯನಿಗೆ ಎರಡೂ ಇರಲಿಲ್ಲ. ವಿಧಾನ ಹುಟ್ಟಲು ಕಾಲ ಬೇಕಾಯಿತು ಎನ್ನುವುದನ್ನು ಒಪ್ಪುತ್ತೇನೆ, ಆದರೆ ಅವನ ಗವಿಗಳು ಇಂಗ್ಲೆಂಡಿನಿಂದ ಬಹಳ ದೂರವೇನೂ ಇರಲಿಲ್ಲ. ಅಲ್ಲಿಗೇ ಇಂಥ ಸಮಿತಿಯೊಂದನ್ನು 1834ರಲ್ಲಿ ಕಳಿಸಬಹುದಿತ್ತು. ಬಂದವರು ಸಂಗ್ರಹ ನೋಡಿ ಹೋದರು, ಅಗೆದು ನೋಡೋಣ ಎಂದವರಿಲ್ಲ. ಪ್ರಶ್ನೆಯೇ ಅವರಿಗೆ ಮುಖ್ಯವೆನಿಸಲಿಲ್ಲ. ಇದರಲ್ಲಿ ನಾವಿಬ್ಬರೂ ಬೇರೆಬೇರೆಯಾಗಿಯೇ ಉಳಿಯುತ್ತೇವೆ ಎಂದು ಕಾಣುತ್ತದೆ.

ಪ್ರಥಮ_ಬಿಎಸ್ಸಿ

ನಾನು ಜೀವವಿಜ್ಞಾನದ ವಿದ್ಯಾರ್ಥಿನಿ. ಎಲ್ಲರ ಬರಹವನ್ನೂ ಓದುತ್ತಿದ್ದೇನೆ. ಆ ಮಗುವಿನ ವಯಸ್ಸು ಎಷ್ಟು? ಅಷ್ಟು ಚಿಕ್ಕ ಮಗುವಿನ ಚೂರಾದ ಬುರುಡೆ ನೋಡಿ ನಿಯಾಂಡರ್ತಾಲ್ ಎಂದು ಹೇಗೆ ಹೇಳುತ್ತಾರೆ?

ವೈದ್ಯೆ_ಕರಾವಳಿ

ಒಳ್ಳೆಯ ಪ್ರಶ್ನೆ. ವಯಸ್ಕ ನಿಯಾಂಡರ್ತಾಲ್‌ನನ್ನು ಗುರುತಿಸುವುದು ಸುಲಭ: ಹುಬ್ಬಿನ ಮೇಲೆ ದಪ್ಪ ದಿಂಡು, ತಗ್ಗಾದ ಹಣೆ, ಹಿಂದಕ್ಕೆ ಉದ್ದವಾದ ಬುರುಡೆ, ಗದ್ದದ ಮೊನೆ ಇಲ್ಲದ ದವಡೆ. ಮಕ್ಕಳಲ್ಲಿ ಹುಬ್ಬಿನ ದಿಂಡು ಬೆಳೆದಿರುವುದಿಲ್ಲ, ಬುರುಡೆ ದುಂಡಗಿರುತ್ತದೆ. ಆದ್ದರಿಂದಲೇ ಈ ಬುರುಡೆ ಅಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿಯಿತು. ನಿಯಾಂಡರ್ತಾಲ್ ಮಕ್ಕಳು ಹೇಗಿರುತ್ತಾರೆ ಎಂದು ಬೇರೆ ಮಾದರಿಗಳಿಂದ ಗೊತ್ತಾದ ಮೇಲೆಯೇ ಹೋಲಿಸಲು ಸಾಧ್ಯವಾದದ್ದು.

ವಯಸ್ಸಿನ ವಿಷಯ ಇನ್ನೂ ಸೊಗಸಾಗಿದೆ. ಹಲ್ಲುಗಳು ಬೆಳೆಯುವಾಗ ಎನಾಮೆಲ್‌ನಲ್ಲಿ ಪ್ರತಿದಿನ ಸೂಕ್ಷ್ಮವಾದ ಗೆರೆಯೊಂದು ಮೂಡುತ್ತದೆ. ಹುಟ್ಟಿದ ದಿನದ ಗೆರೆ ಬೇರೆಯಾಗಿಯೇ ಕಾಣುತ್ತದೆ. ಅಲ್ಲಿಂದ ಸಾವಿನವರೆಗಿನ ಗೆರೆಗಳನ್ನು ಎಣಿಸಿದರೆ ಮಗು ಎಷ್ಟು ದಿನ ಬದುಕಿತ್ತು ಎಂಬುದು ಸಿಗುತ್ತದೆ. ಮೊದಲೆಲ್ಲ ಇದಕ್ಕೆ ಹಲ್ಲು ಕತ್ತರಿಸಬೇಕಿತ್ತು. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೊಟ್ರಾನ್ ಎಂಬ ಯಂತ್ರದ ಬಲವಾದ ಕ್ಷ-ಕಿರಣದಿಂದ, ಹಲ್ಲಿಗೆ ಏನೂ ಆಗದಂತೆ, ಒಳಗಿನ ಗೆರೆಗಳನ್ನು ಓದಿದರು. ನಾಲ್ಕೈದು ವರ್ಷದ್ದೆಂದು ಹಿಂದೆ ಅಂದಾಜಿಸಿದ್ದ ಎಂಜಿಸ್ ಮಗು ಸತ್ತಾಗ ಮೂರು ವರ್ಷದ್ದಷ್ಟೇ ಎಂದು ತಿಳಿಯಿತು. ಈ ವ್ಯತ್ಯಾಸ ಏಕೆ ಬಂತು? ನಮ್ಮ ಮಕ್ಕಳ ಹಲ್ಲಿನ ಬೆಳವಣಿಗೆಯ ಪಟ್ಟಿ ಹಿಡಿದು ಮೊದಲು ಅಂದಾಜು ಮಾಡಿದ್ದರು. ನಿಯಾಂಡರ್ತಾಲ್ ಮಕ್ಕಳ ಹಲ್ಲು ನಮ್ಮ ಮಕ್ಕಳಿಗಿಂತ ಬೇಗ ಬೆಳೆಯುತ್ತಿತ್ತು ಎಂಬುದು ಆ ಅಧ್ಯಯನದ ಮುಖ್ಯ ಫಲ.

ಕಾಲದ ಬಗ್ಗೆಯೂ ಹೇಳಿಬಿಡುತ್ತೇನೆ. 2021ರಲ್ಲಿ ಬೆಲ್ಜಿಯಂನ ಎಂಜಿಸ್, ಸ್ಪೀ, ಫೊಂ-ದ-ಫೊರೆ ಗವಿಗಳ ನಿಯಾಂಡರ್ತಾಲ್ ಮೂಳೆಗಳಿಗೆ ಹೊಸ ಕ್ರಮದಲ್ಲಿ ಇಂಗಾಲ ಕಾಲಗಣನೆ ಮಾಡಿದರು. ಹಳೆಯ ಮೂಳೆಗಳನ್ನು ಹಿಂದಿನವರು ಅಂಟಿನಿಂದ ಜೋಡಿಸಿದ್ದರು. ಸ್ಪೀ ಗವಿಯ ಒಂದು ಮಾದರಿಯಲ್ಲಿ ದನದ ವಂಶವಾಹಿಯ ಕಲಬೆರಕೆ ಕಂಡಿತ್ತು. ಅಂಟನ್ನು ದನದ ಮೂಳೆಯಿಂದ ಮಾಡಿದ್ದಿರಬೇಕು. ಅದರಿಂದ ಹಿಂದಿನ ಲೆಕ್ಕಗಳು ಮೂಳೆಗಳನ್ನು ನಿಜಕ್ಕಿಂತ ಈಚಿನವೆಂದು ತೋರಿಸಿದ್ದವು. ಮೂಳೆಯ ಪ್ರೋಟೀನಿನಿಂದ ಒಂದೇ ಒಂದು ಅಮೈನೊ ಆಮ್ಲವನ್ನು ಬೇರ್ಪಡಿಸಿ ಅಳೆದಾಗ, ಆ ಪ್ರದೇಶದಿಂದ ನಿಯಾಂಡರ್ತಾಲರು ಮರೆಯಾದದ್ದು ಇಂದಿಗೆ 44,200ರಿಂದ 40,600 ವರ್ಷಗಳ ಹಿಂದೆ ಎಂಬ ಉತ್ತರ ಬಂತು.

ಕುಡತಿನಿ_ಓದುಗ

ನಾನು ಬಳ್ಳಾರಿ ಕಡೆಯವನು. ಹಳೆಯ_ಪುಟ ಅವರು ಹಕ್ಸ್ಲಿಯ ಹೆಸರು ಹೇಳಿದ್ದರಿಂದ ಇದನ್ನು ಬರೆಯಲೇಬೇಕೆನಿಸಿತು. ಎಂಜಿಸ್ ಬುರುಡೆಯನ್ನು ಅಳೆದ ಅದೇ ಹಕ್ಸ್ಲಿ 1880ರ ದಶಕದಲ್ಲಿ, ಭಾರತದ ಗವಿಗಳನ್ನೂ ಅಗೆದು ನೋಡಬೇಕೆಂದು ಮದ್ರಾಸಿನ ಗವರ್ನರ್ ಗ್ರಾಂಟ್ ಡಫ್‌ಗೆ ಬರೆದ. ಆ ಕೆಲಸ ಬಂದು ಬಿದ್ದದ್ದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮೇಲೆ. ಬಳ್ಳಾರಿಯ ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳನ್ನು ನಾಡಿಗೆ ತೋರಿಸಿದ ಫೂಟ್‌ ಇವನೇ. ಆಗಿನ ಕರ್ನೂಲು ಜಿಲ್ಲೆಯ (2022ರಿಂದ ನಂದ್ಯಾಲ ಜಿಲ್ಲೆ) ಬೇತಂಚರ್ಲ ಹತ್ತಿರದ ಬಿಲ್ಲಸುರ್ಗಂ ಗವಿಗಳನ್ನು ಅವನೂ, ಸೇನೆಯಲ್ಲಿದ್ದ ಅವನ ಮಗ ಹೆನ್ರಿಯೂ 1883ರಿಂದ 1885ರವರೆಗೆ ಅಗೆದರು. ಪ್ರಾಣಿಗಳ ಮೂಳೆಗಳು ರಾಶಿಯಾಗಿ ಸಿಕ್ಕವು, ಮೂಳೆಯಿಂದ ಮಾಡಿದ ಉಪಕರಣಗಳೂ ಸಿಕ್ಕವೆಂದು ವರದಿ ಮಾಡಿದರು.

ಆ ಗವಿಗಳನ್ನು ಫೂಟ್‌ಗಿಂತ ಬಹಳ ಮೊದಲೇ ನೋಡಿ ಬರೆದವನು ಕ್ಯಾಪ್ಟನ್ ನ್ಯೂಬೋಲ್ಡ್, 1844ರಲ್ಲಿ. ನಮ್ಮ ಕುಡತಿನಿಯ ಬೂದಿದಿಬ್ಬವನ್ನು ಮೊದಲು ಅಗೆದು ನೋಡಿದವನೂ ಅವನೇ. ರಾಕ್ಷಸನನ್ನು ಸುಟ್ಟ ಬೂದಿ ಎಂದು ನಮ್ಮ ಹಿರಿಯರು ಹೇಳುತ್ತಿದ್ದ ಆ ದಿಬ್ಬ ಹಸುಗಳ ಸಗಣಿ ಸುಟ್ಟು ಆದದ್ದು, ನವಶಿಲಾಯುಗದ ದನಗಾಹಿಗಳದು ಎಂದು ಮುಂದೆ ತಿಳಿಯಿತು.

ಈಚೆಗೆ ಅದೇ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ, ಸುಮಾರು 74,000 ವರ್ಷದ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಉಗುಳಿದ ಬೂದಿಯ ಮೇಲೆಯೂ ಕೆಳಗೆಯೂ ಕಲ್ಲಿನ ಉಪಕರಣಗಳನ್ನು ಗುರುತಿಸಿದ ತಂಡದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಇದ್ದರು. ಬಳ್ಳಾರಿಯಲ್ಲಿ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಆಗಲು ದುಡಿದವರೂ ಅವರೇ. ಈ ಚರ್ಚೆ ಓದುವವರು ಬಳ್ಳಾರಿಗೆ ಬಂದರೆ ಅದನ್ನು ನೋಡದೆ ಹೋಗಬೇಡಿ.

ಪ್ರಥಮ_ಬಿಎಸ್ಸಿ

ಹಾಗಾದರೆ ಕರ್ನಾಟಕದಲ್ಲಿ ಕಲ್ಲಿನ ಉಪಕರಣಗಳು ಅಷ್ಟೊಂದು ಸಿಕ್ಕರೂ ಆ ಕಾಲದ ಮನುಷ್ಯರ ಮೂಳೆಗಳು ಏಕೆ ಸಿಗುವುದಿಲ್ಲ?

ಸುಣ್ಣಕಲ್ಲು

ನಮ್ಮ ನಾಡಿನ ಬಹುಭಾಗ ಗ್ರಾನೈಟ್, ನೈಸ್, ಕರಾವಳಿಯಲ್ಲಿ ಜಂಬಿಟ್ಟಿಗೆ. ಮಳೆ ಹೆಚ್ಚಿರುವ ಕಡೆ ಮಣ್ಣು ಆಮ್ಲೀಯ. ಅಂಥ ಮಣ್ಣಿನಲ್ಲಿ ಮೂಳೆ ಬಹಳ ಕಾಲ ಉಳಿಯುವುದಿಲ್ಲ, ಕಲ್ಲು ಉಳಿಯುತ್ತದೆ. ಬಾದಾಮಿಯ ಗುಹೆಗಳನ್ನು ನೆನೆಸಿಕೊಳ್ಳಬೇಡಿ, ಅವು ಮರಳುಗಲ್ಲಿನಲ್ಲಿ ಮನುಷ್ಯರೇ ಕಡೆದವು. ಲಿಯೇಜ್ ಅಥವಾ ಕರ್ನೂಲಿನಂಥ ಸುಣ್ಣಕಲ್ಲು ನಮ್ಮಲ್ಲಿ ಇರುವುದು ಮುಖ್ಯವಾಗಿ ಕಲಬುರಗಿ, ಯಾದಗಿರಿ ಕಡೆಯ ಭೀಮಾ ತೀರದಲ್ಲಿ, ಬಾಗಲಕೋಟೆ ಸುತ್ತ, ಅಲ್ಲಲ್ಲಿ ಉತ್ತರ ಕನ್ನಡದ ಯಾಣದಂಥ ಕಡೆ.

ಆ ಭಾಗದಲ್ಲಿ ಸಿಮೆಂಟಿಗೆಂದು, ನೆಲಹಾಸಿಗೆಂದು ಸುಣ್ಣಕಲ್ಲು ತೆಗೆಯುವ ಗಣಿಗಳು ಬೇಕಾದಷ್ಟಿವೆ. ಈ ಚರ್ಚೆ ಓದುವವರಲ್ಲಿ ಸೇಡಂ, ಶಹಾಬಾದ್, ಚಿತ್ತಾಪುರದವರು ಇದ್ದರೆ ಒಂದು ಕೋರಿಕೆ. ಗಣಿಯ ಗೋಡೆಯಲ್ಲಿ ಕೆಂಪು ಮಣ್ಣು ತುಂಬಿದ ಬಿರುಕು ಕಂಡರೆ, ಅದರಲ್ಲಿ ಮೂಳೆಯೋ ಹಲ್ಲೋ ಇಣುಕುತ್ತಿದ್ದರೆ, ಕೈಯಿಂದ ಕೀಳಬೇಡಿ. ಅಳತೆಗೆ ಪಕ್ಕದಲ್ಲಿ ಒಂದು ಸ್ಕೇಲ್ ಅಥವಾ ಪೆನ್ನು ಇಟ್ಟು ಫೋಟೋ ತೆಗೆಯಿರಿ, ಮೊಬೈಲಿನಲ್ಲಿ ಸ್ಥಳದ ಅಕ್ಷಾಂಶ ರೇಖಾಂಶ ಉಳಿಸಿಕೊಳ್ಳಿ, ಬಿರುಕಿನ ಮೇಲೆ ಕೆಳಗೆ ಯಾವ ಪದರವಿದೆ ಎಂದು ಬರೆದಿಟ್ಟುಕೊಳ್ಳಿ, ಪುರಾತತ್ತ್ವ ಇಲಾಖೆಗೋ ಹತ್ತಿರದ ವಿಶ್ವವಿದ್ಯಾಲಯದ ವಿಭಾಗಕ್ಕೋ ತಿಳಿಸಿ. ಇಲ್ಲಿಯೂ ಹಾಕಿ. ಹಸುವಿನ ಮೂಳೆಯೋ ಹಳೆಯದೋ ಎಂಬುದನ್ನಾದರೂ ವೈದ್ಯೆ ಅವರೂ ನಾನೂ ಸೇರಿ ನೋಡಿ ಹೇಳುತ್ತೇವೆ.